ಆ ಪರದೆಯನ್ನು ಮಾಡಿದವಳು ನಾನೇ



ನಿಮ್ಮ ಮೊಬೈಲಿಗೆ ಹೊಸ ಆ್ಯಪ್ ಹಾಕಿಕೊಂಡಾಗ ಮೊದಲು ಏನಾಗುತ್ತದೆ, ಸ್ವಲ್ಪ ನೆನಪಿಸಿಕೊಳ್ಳಿ. ಒಂದರ ಹಿಂದೆ ಒಂದು ಪುಟಗಳು ಬರುತ್ತವೆ. ಹೆಸರು ಕೇಳುತ್ತದೆ, ನಂಬರ್ ಕೇಳುತ್ತದೆ, ಫೋಟೋ ಕೇಳುತ್ತದೆ. ಪ್ರತಿ ಪುಟದ ಕೆಳಗೂ ಹಸಿರೋ ನೀಲಿಯೋ ಬಣ್ಣದ ಒಂದು ದೊಡ್ಡ ಬಟನ್ ಇರುತ್ತದೆ. ಒಲೆಯ ಮೇಲೆ ಹಾಲು ಇಟ್ಟಿರುತ್ತೀರಿ, ಮಗು ಸೆರಗು ಎಳೆಯುತ್ತಿರುತ್ತದೆ. ನೀವು ಓದುವುದಿಲ್ಲ. ಬಣ್ಣದ ಬಟನ್ ಒತ್ತುತ್ತೀರಿ, ಮತ್ತೆ ಒತ್ತುತ್ತೀರಿ, ಆ್ಯಪ್ ತೆರೆದುಕೊಳ್ಳುತ್ತದೆ.

ನೀವು ಓದುವುದಿಲ್ಲ ಎಂಬುದು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅಂತಹ ಪುಟಗಳನ್ನು ಮಾಡುವುದೇ ನನ್ನ ಕೆಲಸ. ನೀವು ಓದುವುದಿಲ್ಲ ಎಂದು ತಿಳಿದುಕೊಂಡೇ ನಾವು ಅವುಗಳನ್ನು ಮಾಡುತ್ತೇವೆ.

ನಾನು ಲಿಂಗಸುಗೂರಿನವಳು. ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದಿ 2016ರಲ್ಲಿ ಬೆಂಗಳೂರಿನ ಒಂದು ಕಂಪೆನಿಗೆ ಸೇರಿದೆ. ಜನರು ಪರಸ್ಪರ ಪರಿಚಯ ಮಾಡಿಕೊಂಡು ಫೋಟೋ, ಮಾತು, ಸುದ್ದಿ ಹಂಚಿಕೊಳ್ಳುವ ಆ್ಯಪ್ ಒಂದನ್ನು ಅವರು ನಡೆಸುತ್ತಿದ್ದರು. ಅದರ ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಯಾವ ಬಣ್ಣದಲ್ಲಿರಬೇಕು, ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಟನ್ ಒತ್ತಿದರೆ ಏನಾಗಬೇಕು ಎಂದು ನಿರ್ಧರಿಸುವುದು ನನ್ನ ಪಾಲಿನ ಕೆಲಸ. ನೆರೆಯವರು ಕೇಳಿದಾಗ ಅಮ್ಮಿ, "ಮೊಬೈಲಿನಲ್ಲಿ ಚಿತ್ರ ಬಿಡಿಸುತ್ತಾಳೆ" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಸಾಕಾಗುತ್ತಿತ್ತು.

ಆದರೆ ಅದು ಚಿತ್ರ ಬಿಡಿಸುವ ಕೆಲಸವಲ್ಲ, ಗೌಂಡಿಯ ಕೆಲಸ. ನಮ್ಮ ದಾದಾ ಕಟ್ಟಿಸಿದ ಮನೆ ಈಗಲೂ ಇದೆ. ಮುಂದೆ ಕಟ್ಟೆ, ಅದನ್ನು ದಾಟಿದರೆ ಬಂದವರು ಕುಳಿತುಕೊಳ್ಳುವ ಕೋಣೆ, ಆ ಕೋಣೆಗೂ ಒಳಗಿನ ಅಂಗಳಕ್ಕೂ ನಡುವೆ ಒಂದು ಬಾಗಿಲು, ಬಾಗಿಲಿಗೆ ಪರದೆ. ಹೊರಗಿನವರು ಬಾಗಿಲಲ್ಲಿ ನಿಂತು ಸಲಾಮ್ ಹೇಳಬೇಕು. ಮೂರು ಸಲ ಹೇಳಿದರೂ ಉತ್ತರ ಬರದಿದ್ದರೆ ಬೇಸರಿಸದೆ ಹಿಂದಿರುಗಬೇಕು. ಇದನ್ನು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಒಳಗಿರುವವಳು ಪರದೆಯ ಈಚೆಯಿಂದಲೇ ಚಹಾದ ಟ್ರೇ ಕೊಡಬಹುದು, ಬೇಕೆಂದರೆ ಪರದೆ ಸರಿಸಿ ಮಾತನಾಡಬಹುದು. ಸರಿಸುವ ಕೈ ಅವಳದು. ಆ ಮನೆ ಕಟ್ಟಿದ ಗೌಂಡಿಗೆ ಇದೆಲ್ಲ ಗೊತ್ತಿತ್ತು. ಬಾಗಿಲನ್ನು ಎಲ್ಲಿ ಇಟ್ಟರೆ ಬೀದಿಯವರಿಗೆ ಅಂಗಳ ಕಾಣುವುದಿಲ್ಲ ಎಂದು ಲೆಕ್ಕ ಹಾಕಿಯೇ ಇಟ್ಟಿದ್ದ.

ಮೊಬೈಲಿನ ಮುಖಕ್ಕೂ ಕನ್ನಡದಲ್ಲಿ ನಾವು ಪರದೆ ಎಂದೇ ಹೇಳುತ್ತೇವೆ. ಆದರೆ ಅದನ್ನು ಸರಿಸುವ ಕೈ ಯಾರದು? ಈ ಪ್ರಶ್ನೆ ನನಗೆ ಐದು ವರ್ಷ ಹೊಳೆಯಲೇ ಇಲ್ಲ.

2019ರಲ್ಲಿ ಕಂಪೆನಿಯವರು ನನಗೊಂದು ಪುಟ ಮಾಡಲು ಕೊಟ್ಟರು. ಹೊಸದಾಗಿ ಸೇರಿದವರಿಗೆ ಅಲ್ಲಿ ಪರಿಚಯದವರು ಕಾಣದಿದ್ದರೆ ಎರಡು ದಿನದಲ್ಲಿ ಬಿಟ್ಟು ಹೋಗುತ್ತಾರೆ. ಆದ್ದರಿಂದ ಸೇರುವಾಗಲೇ ಅವರ ಫೋನಿನಲ್ಲಿರುವ ನಂಬರುಗಳನ್ನೆಲ್ಲ ತೆಗೆದುಕೊಂಡು, ಆ ನಂಬರಿನವರು ಯಾರ್ಯಾರು ನಮ್ಮಲ್ಲಿದ್ದಾರೆ ಎಂದು ತೋರಿಸಬೇಕು, ಎಂಬುದು ಅವರ ಮಾತು. ನಾನು ಪುಟ ಮಾಡಿದೆ. ಮೇಲೆ ಇಬ್ಬರು ಗೆಳತಿಯರು ನಗುತ್ತಿರುವ ಚಿತ್ರ. ಕೆಳಗೆ ಅಗಲವಾದ ಹಸಿರು ಬಟನ್. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ "ಈಗ ಬೇಡ" ಎಂಬ ಎರಡು ಪದ. ಬೂದು ಬಣ್ಣವನ್ನು ಇನ್ನೂ ಸ್ವಲ್ಪ ತೆಳು ಮಾಡಲು ಹೇಳಿದರು. ಮಾಡಿದೆ. ಆ ಹಸಿರು ಬಟನ್ ಎರಡು ಕೆಲಸ ಮಾಡುತ್ತಿತ್ತು. ಒಂದು, ನಿಮ್ಮ ಫೋನಿನ ನಂಬರುಗಳನ್ನು ಕಂಪೆನಿಗೆ ಕೊಡುವುದು. ಇನ್ನೊಂದು, ನಿಮ್ಮ ನಂಬರ್ ಯಾರ ಫೋನಿನಲ್ಲಿದ್ದರೂ ಅವರಿಗೆ ನಿಮ್ಮ ಹೆಸರು, ಫೋಟೋ ಕಾಣುವಂತೆ ಮಾಡುವುದು. ಎರಡನೆಯದನ್ನು ಒಂದು ಸಣ್ಣ ಸಾಲಿನಲ್ಲಿ ಬರೆದು ಅದಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದೆವು.

ಆ ಪುಟ ಬಂದ ಮೇಲೆ ಬಟನ್ ಒತ್ತುವವರ ಸಂಖ್ಯೆ ಚೆನ್ನಾಗಿ ಏರಿತು. ಕಚೇರಿಯಲ್ಲಿ ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಅಂದು ಸಂಜೆ ಅಮ್ಮಿಗೆ ಫೋನ್ ಮಾಡಿ ಹೇಳಿದಾಗ ಅವರು ಖುಷಿಪಟ್ಟು ಓಣಿಯ ಮಕ್ಕಳಿಗೆಲ್ಲ ಸಿಹಿ ಹಂಚಿದ್ದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ನಾನು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡತೊಡಗಿದೆ. ಎರಡು ಮನೆ ಆಚೆ ನಮ್ಮ ಚಾಚಾ ಇದ್ದಾರೆ. ಅವರ ಮಗಳು, ನನ್ನ ತಂಗಿ, ಆಗ ಡಿಗ್ರಿ ಓದುತ್ತಿದ್ದಳು. ಕಾಲೇಜು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ ಚಾಚಾ ಸಾಲ ಮಾಡಿ ಅವಳಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿದ್ದರು. ಅವರ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು.

2021ರ ಆರಂಭದಲ್ಲಿ ಒಂದು ರಾತ್ರಿ ಚಾಚಾ ಆ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. "ನೀನು ಕಂಪ್ಯೂಟರ್ ಕಲಿತವಳು, ಇದೇನೆಂದು ನೋಡು ಬೇಟಿ" ಎಂದು ಮೇಜಿನ ಮೇಲಿಟ್ಟರು. ಯಾರೋ ಒಬ್ಬ ಹುಡುಗ ಅವಳಿಗೆ ದಿನಾ ಸಂದೇಶ ಕಳಿಸುತ್ತಿದ್ದ. ಮೊದಲು ಸಲಾಮ್, ಆಮೇಲೆ ಊಟ ಆಯಿತೇ, ಆಮೇಲೆ ಫೋಟೋ ಚೆನ್ನಾಗಿದೆ, ಆಮೇಲೆ ಹೇಳಬಾರದ ಮಾತುಗಳು. ಅವಳು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ಹೆದರಿ ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಅಣ್ಣ ಫೋನ್ ತೆಗೆದು ನೋಡಿದಾಗ ಸಿಕ್ಕಿಬಿದ್ದಿತ್ತು. ಅವನ ಪ್ರಶ್ನೆ ಒಂದೇ: "ನೀನು ಕೊಡದೆ ಅವನಿಗೆ ನಿನ್ನ ಫೋಟೋ ಹೇಗೆ ಸಿಕ್ಕಿತು?"

ಹುಡುಗ ಯಾರೆಂದು ಆಮೇಲೆ ತಿಳಿಯಿತು. ಅವಳ ಫೋನಿಗೆ ದುಡ್ಡು ಹಾಕಿಸಲು ಚಾಚಾ ಹೋಗುತ್ತಿದ್ದ ಒಂದು ರೀಚಾರ್ಜ್ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದವನು. ನಂಬರನ್ನು ಕೊಟ್ಟವರು ಚಾಚಾ ಅವರೇ. ಹುಡುಗ ಆ ನಂಬರನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದ. ಒಂದು ಆ್ಯಪ್ ಅವನಿಗೆ, ಇವರು ನಿಮಗೆ ಪರಿಚಯವಿರಬಹುದು ಎಂದು ಹೇಳಿ ಅವಳ ಹೆಸರು, ಫೋಟೋ ಎರಡನ್ನೂ ತಂದು ತೋರಿಸಿತ್ತು.

ಯಾವ ಆ್ಯಪ್ ಎಂದು ನಾನು ತೆರೆದು ನೋಡಿದೆ. ಅದು ನಮ್ಮದು.

ತಂಗಿಯನ್ನು ಒಳಗೆ ಕರೆದು ಕೇಳಿದೆ. "ಇದನ್ನು ಹಾಕಿಕೊಳ್ಳುವಾಗ ಹಸಿರು ಬಟನ್ ಒತ್ತಿದೆಯಾ?" ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಸಂಪರ್ಕ ಅಂತ ಬರೆದಿತ್ತು ಆಪಾ. ನೆಟ್‌ವರ್ಕ್ ಬರಬೇಕು ಅಂದರೆ ಒತ್ತಬೇಕು ಅಂದುಕೊಂಡೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಬರುವುದಿಲ್ಲವಲ್ಲ."

ಸಹೋದರಿಯರೇ, ಬಟನ್ ಮೇಲೆ "ಸಂಪರ್ಕಗಳನ್ನು ಸೇರಿಸಿ" ಎಂದಿತ್ತು. ಇಂಗ್ಲಿಷಿನಲ್ಲಿದ್ದ ಕಾಂಟ್ಯಾಕ್ಟ್ ಎಂಬ ಪದಕ್ಕೆ ಯಾರೋ ಕನ್ನಡ ಮಾಡಿಕೊಟ್ಟಿದ್ದರು. ನಾನು ಅದನ್ನು ಬಟನಿನ ಅಳತೆಗೆ ಹೊಂದುತ್ತದೆಯೇ, ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುವುದಿಲ್ಲ ತಾನೇ ಎಂದಷ್ಟೇ ನೋಡಿದ್ದೆ. ಓದಿದವಳಿಗೆ ಏನು ಅರ್ಥವಾಗುತ್ತದೆ ಎಂದು ನೋಡಿರಲಿಲ್ಲ.

ಅಂದು ರಾತ್ರಿ ಚಾಚಾಗೆ ನಾನು ಹೇಳಬೇಕಿತ್ತು, ಇದರಲ್ಲಿ ಅವಳ ತಪ್ಪೇನೂ ಇಲ್ಲ, ಈ ಪುಟವನ್ನು ಮಾಡಿದವಳು ನಾನು ಎಂದು. ಹೇಳಲಿಲ್ಲ. "ಇದು ಆ್ಯಪ್‌ನ ತಪ್ಪು ಚಾಚಾ, ಅವಳದಲ್ಲ" ಎಂದೆ. ಆ ಹುಡುಗನನ್ನು ಬ್ಲಾಕ್ ಮಾಡಿದೆ, ಆ್ಯಪ್ ತೆಗೆದುಹಾಕಿದೆ. ಚಾಚಾ ತಲೆಯಾಡಿಸಿದರು. ಆದರೆ ಮರುದಿನ ಸ್ಮಾರ್ಟ್‌ಫೋನ್ ಬೀರು ಸೇರಿತು, ತಂಗಿಯ ಕೈಗೆ ಬಟನ್ ಫೋನ್ ಬಂತು. ಪಾಠಗಳು ನಿಂತವು. ಆ ಸೆಮಿಸ್ಟರಿನ ಪರೀಕ್ಷೆಗೆ ಅವಳು ಕುಳಿತುಕೊಳ್ಳಲಿಲ್ಲ. ಮನೆಯಲ್ಲಿ ಸಂಬಂಧಗಳನ್ನು ನೋಡುವ ಮಾತು ಶುರುವಾಯಿತು. ರೀಚಾರ್ಜ್ ಅಂಗಡಿಯ ಹುಡುಗನ ಫೋನನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ನನ್ನಂತಹ ತಪ್ಪನ್ನು ಮಾಡಿದವಳು ನಾನೊಬ್ಬಳೇ ಅಲ್ಲ ಎಂದು ತಿಳಿದುಕೊಳ್ಳಲು ನಾನು ಆಮೇಲೆ ಬಹಳಷ್ಟು ಓದಿದೆ. 2010ರ ಫೆಬ್ರವರಿಯಲ್ಲಿ ಗೂಗಲ್ ಕಂಪೆನಿ ಬಝ್ ಎಂಬ ಸಾಮಾಜಿಕ ತಾಣವನ್ನು ಶುರುಮಾಡಿತ್ತು. ನೀವು ಯಾರೊಂದಿಗೆ ಹೆಚ್ಚು ಇಮೇಲ್ ವ್ಯವಹಾರ ಮಾಡುತ್ತೀರೋ ಅವರನ್ನೆಲ್ಲ ಅದು ತಾನಾಗಿಯೇ ನಿಮ್ಮ ಸ್ನೇಹವಲಯಕ್ಕೆ ಸೇರಿಸುತ್ತಿತ್ತು. ಆ ಪಟ್ಟಿ ಇತರರಿಗೂ ಕಾಣುವಂತಿತ್ತು. ಹಿಂಸೆ ಕೊಡುತ್ತಿದ್ದ ಮಾಜಿ ಗಂಡನಿಂದ ದೂರವಿದ್ದ ಒಬ್ಬ ಮಹಿಳೆ, ತನ್ನ ವಿಷಯಗಳು ಅವನಿಗೆ ಕಾಣುವಂತಾಯಿತೆಂದು ಸಿಟ್ಟಿನಿಂದ ಬರೆದರು. ಕೆಲವೇ ದಿನಗಳಲ್ಲಿ ಗೂಗಲ್ ಅದನ್ನು ಬದಲಿಸಬೇಕಾಯಿತು. 2011ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, 20 ವರ್ಷಗಳ ಕಾಲ ತನ್ನ ಗೌಪ್ಯತೆಯ ಕ್ರಮಗಳನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಿಕೊಳ್ಳಲು ಒಪ್ಪಿತು.

ಇನ್ನೊಂದು, ಫೇಸ್‌ಬುಕ್‌ನದು. ಫೋನಿನ ನಂಬರುಗಳನ್ನು ಹಾಕಿದರೆ ಪರಿಚಯದವರನ್ನು ತೋರಿಸುವ ಸೌಲಭ್ಯ ಅದರಲ್ಲಿತ್ತು. ಕೆಲವರು ಲಕ್ಷಗಟ್ಟಲೆ ನಂಬರುಗಳನ್ನು ಅದಕ್ಕೆ ತುಂಬಿ ಯಾವ ನಂಬರ್ ಯಾರದು ಎಂದು ಎತ್ತಿಕೊಂಡರು. 2021ರ ಏಪ್ರಿಲ್‌ನಲ್ಲಿ 53 ಕೋಟಿಗೂ ಹೆಚ್ಚು ಜನರ ಹೆಸರು, ನಂಬರುಗಳು ಬಯಲಾದವು. ಅದರಲ್ಲಿ ಭಾರತದವರೂ ಇದ್ದರು. 2022ರ ನವೆಂಬರ್‌ನಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ ಆ ಕಂಪೆನಿಗೆ 26.5 ಕೋಟಿ ಯೂರೋ ದಂಡ ವಿಧಿಸಿತು. ದಂಡದ ಕಾರಣ ನನಗೆ ಮುಖ್ಯವೆನಿಸಿತು. ವಿನ್ಯಾಸ ಮಾಡುವಾಗಲೇ ಜನರ ರಕ್ಷಣೆಯನ್ನು ಅದರೊಳಗೆ ಇಡಬೇಕಿತ್ತು, ಇಡಲಿಲ್ಲ ಎಂಬುದೇ ಆ ಕಾರಣ. ಅಂದರೆ ಕಳ್ಳನ ತಪ್ಪು ಕಳ್ಳನಿಗೆ, ಬಾಗಿಲಿಲ್ಲದ ಮನೆ ಕಟ್ಟಿದ ತಪ್ಪು ಕಟ್ಟಿದವನಿಗೆ.

ನಮ್ಮ ಹತ್ತಿರದ ಮಸ್ಕಿ ನಿಮಗೆ ಗೊತ್ತಿರಬಹುದು. ಹಿಂದೆ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇತ್ತು, ಈಗ ಬೇರೆ ತಾಲ್ಲೂಕು. ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ರಾಜನು ಪ್ರಜೆಗಳಿಗಾಗಿ ಕೆತ್ತಿಸಿದ ಮಾತು. ನೂರಾರು ವರ್ಷ ಕುರಿ ಕಾಯುವವರು, ಕಟ್ಟಿಗೆಗೆ ಹೋಗುವವರು ಆ ಬೆಟ್ಟದಲ್ಲಿ ಓಡಾಡಿದರು. ಮಾತು ಕಣ್ಣೆದುರಿಗೇ ಇತ್ತು, ಓದಬಲ್ಲವರು ಇರಲಿಲ್ಲ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಅದನ್ನು ಗುರುತಿಸಿದ ಮೇಲೆಯೇ ಅದರಲ್ಲಿ ಅಶೋಕ ಎಂಬ ಹೆಸರೇ ಇದೆ ಎಂದು ಲೋಕಕ್ಕೆ ತಿಳಿದದ್ದು. ಕಣ್ಣೆದುರಿಗೆ ಇಡುವುದು ಬೇರೆ, ತಿಳಿಯುವಂತೆ ಹೇಳುವುದು ಬೇರೆ. ಆ್ಯಪ್‌ಗಳ ಬೂದು ಅಕ್ಷರದ ಸಾಲುಗಳು ಕೂಡ ನಮ್ಮ ಕಣ್ಣೆದುರಿಗೇ ಇರುತ್ತವೆ. "ನಾವು ಹೇಳಿದ್ದೆವು, ನೀವು ಒಪ್ಪಿದ್ದಿರಿ" ಎಂದು ಕಂಪೆನಿಯವರು ಹೇಳಬಹುದು. ನಾನೂ ಐದು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಅದಾದ ಮೇಲೆ ನಾನೊಂದು ಕೆಲಸ ಮಾಡಿದೆ. ನಾವು ಮಾಡಿದ ಪುಟಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬಿಡಿಸಿಕೊಂಡು ಓಣಿಯ ಆರು ಮಂದಿ ಮಹಿಳೆಯರ ಬಳಿ ಹೋದೆ. ಒಬ್ಬರು ಟೈಲರಿಂಗ್ ಮಾಡುವವರು, ಒಬ್ಬರು ಅಂಗನವಾಡಿ ಸಹಾಯಕಿ, ಒಬ್ಬರು ನಮ್ಮ ಫುಪ್ಪು. "ಇದು ನಿಮ್ಮ ಫೋನ್ ಅಂದುಕೊಳ್ಳಿ, ಏನು ಒತ್ತುತ್ತೀರಿ?" ಎಂದು ಕೇಳಿ ಸುಮ್ಮನೆ ನೋಡುತ್ತ ಕುಳಿತೆ.

ಆರು ಮಂದಿಯ ಬೆರಳೂ ಹಸಿರು ಬಟನ್ ಮೇಲೆ ಹೋಯಿತು. ಬೂದು ಅಕ್ಷರ ಒಬ್ಬರಿಗೂ ಕಾಣಿಸಲಿಲ್ಲ. ತೋರಿಸಿ ಓದಿ ಹೇಳಿದಾಗ ಫುಪ್ಪು, "ಬೇಡ ಅಂತ ಒತ್ತಿದರೆ ಫೋನ್ ಕೆಟ್ಟು ಹೋಗುವುದಿಲ್ಲವೇ? ಹುಡುಗರು ಬೈಯುತ್ತಾರೆ" ಎಂದರು. ಟೈಲರಿಂಗ್ ಮಾಡುವ ಆಪಾ ಹೇಳಿದ ಮಾತು ಇನ್ನೂ ದೊಡ್ಡದು. "ಇದರಲ್ಲಿ ನಿನ್ನ ಫೋನ್, ನಿನ್ನ ಫೋನ್ ಅಂತ ಬರೆದಿದ್ದೀಯಲ್ಲ, ಫೋನ್ ನನ್ನದು ಎಲ್ಲಿದೆ? ಹಗಲು ನನ್ನ ಹತ್ತಿರ, ಸಂಜೆ ಮಗನ ಹತ್ತಿರ, ರಾತ್ರಿ ಅವರ ಹತ್ತಿರ." ಬೆಂಗಳೂರಿನಲ್ಲಿ ಕುಳಿತು ನಾವು ಮಾಡಿದ ಪುಟಗಳಲ್ಲಿ ಒಂದು ಫೋನಿಗೆ ಒಬ್ಬಳೇ ಯಜಮಾನಿ ಇದ್ದಳು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮಹಿಳೆಯರನ್ನು ಮಾತನಾಡಿಸಿ ನಿತ್ಯಾ ಸಾಂಬಶಿವನ್ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಮಾತಿದೆ. ನಮ್ಮ ಕಡೆಯ ಹೆಂಗಸರು ಫೋನನ್ನು ಮನೆಯವರೊಂದಿಗೆ ಹಂಚಿಕೊಳ್ಳುತ್ತಾರೆ, ಬೇಡವಾದುದನ್ನು ಅಳಿಸಿಹಾಕಿ, ಆ್ಯಪ್‌ಗೆ ಬೀಗ ಹಾಕಿ ತಮ್ಮ ಮಟ್ಟಿಗೆ ಒಂದು ಪರದೆ ಕಟ್ಟಿಕೊಳ್ಳುತ್ತಾರೆ. ಕಟ್ಟಿದವನು ಇಡದ ಬಾಗಿಲನ್ನು ಒಳಗಿರುವವಳು ಸೀರೆ ಕಟ್ಟಿ ಮುಚ್ಚಿದ ಹಾಗೆ.

ಹೊಸ ಪುಟ ಬರೆದೆ. ಮೊದಲಿಗೆ ಒಂದೇ ಪ್ರಶ್ನೆ: "ನಿಮ್ಮ ನಂಬರ್ ಇರುವ ಯಾರು ಬೇಕಾದರೂ ನಿಮ್ಮನ್ನು ಇಲ್ಲಿ ಹುಡುಕಬಹುದೇ?" ಕೆಳಗೆ "ಹೌದು" ಮತ್ತು "ಬೇಡ", ಎರಡೂ ಒಂದೇ ಅಳತೆ, ಒಂದೇ ಬಣ್ಣ. ಟಿಕ್ ಇಲ್ಲ. ಅದನ್ನು ಫುಪ್ಪುಗೆ ತೋರಿಸಿದಾಗ ಅವರು ಓದಿ, ಒಂದು ಕ್ಷಣವೂ ಯೋಚಿಸದೆ "ಬೇಡ" ಎಂದರು. "ಯಾರು ಬೇಕಾದರೂ ಯಾಕೆ ಹುಡುಕಬೇಕು?" ಎಂದು ನನ್ನನ್ನೇ ಕೇಳಿದರು.

ಕಂಪೆನಿಯ ಸಭೆಯಲ್ಲಿ ಇದನ್ನಿಟ್ಟೆ. ತಂಗಿಯ ವಿಷಯವನ್ನೂ ಹೆಸರು ಹೇಳದೆ ಹೇಳಿದೆ. ಎಲ್ಲರೂ ಕೇಳಿ ಮರುಗಿದರು. ಆಮೇಲೆ ಒಬ್ಬರು, "ಆದರೆ ಹೀಗೆ ಕೇಳಿದರೆ ಎಲ್ಲರೂ ಬೇಡ ಅನ್ನುತ್ತಾರಲ್ಲ" ಎಂದರು. ನಾನು, "ಹಾಗಾದರೆ ಅವರಿಗೆ ಬೇಡವಾದದ್ದನ್ನೇ ನಾವು ತೆಗೆದುಕೊಳ್ಳುತ್ತಿದ್ದೇವೆ" ಎಂದೆ. ಬಹಳ ದಿನ ಚರ್ಚೆ ನಡೆಯಿತು. ಕೊನೆಗೆ ಮೊದಲೇ ಹಾಕಿದ್ದ ಟಿಕ್ ತೆಗೆದರು. ಕನ್ನಡದ ಮಾತನ್ನು ನಾನು ಬರೆದಂತೆಯೇ ಹಾಕಿದರು. ಆದರೆ ಹಸಿರು ಬಟನ್ ಹಸಿರಾಗಿಯೇ ಉಳಿಯಿತು, ಬೇಡ ಎಂಬುದು ಬೂದು ಬಣ್ಣದಲ್ಲೇ ಉಳಿಯಿತು. ಅರ್ಧ ಗೆದ್ದೆ, ಅರ್ಧ ಸೋತೆ. 2022ರಲ್ಲಿ ಆ ಕೆಲಸ ಬಿಟ್ಟು ಬೇರೆಡೆ ಸೇರಿದೆ.

ನಾನು ಬಿಟ್ಟ ಮರುವರ್ಷ ಒಂದು ಒಳ್ಳೆಯ ಸುದ್ದಿ ಬಂತು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಅದರಲ್ಲಿದೆ. ಪರದೆಯಲ್ಲಿ ಒಂದನ್ನು ಎತ್ತಿ ತೋರಿಸಿ ಇನ್ನೊಂದನ್ನು ಮಸುಕುಗೊಳಿಸುವುದೂ ಅವುಗಳಲ್ಲಿ ಒಂದು. ನನ್ನ ಬೂದು ಅಕ್ಷರ ಆ ಪಟ್ಟಿಯಲ್ಲಿದೆ ಎಂದು ಓದಿದಾಗ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತ್ತು. ನಮ್ಮ ಮಾಹಿತಿಯನ್ನು ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಕಂಪೆನಿಗಳು ಸ್ಪಷ್ಟವಾಗಿ ಹೇಳಬೇಕು, ನಾವು ತಿಳಿದು ಒಪ್ಪಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ನಾವು ಬಯಸಿದ್ದರಲ್ಲಿ ಅದನ್ನು ಓದಲು ಅವಕಾಶವಿರಬೇಕು ಎಂದು ಅದು ಹೇಳುತ್ತದೆ. ಕನ್ನಡವೂ ಅದರಲ್ಲಿದೆ, ಉರ್ದುವೂ ಇದೆ. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುವಂಥದ್ದು. ಅಲ್ಲಿಯ ತನಕ ನಮ್ಮ ಪರದೆಯನ್ನು ನಾವೇ ನೋಡಿಕೊಳ್ಳಬೇಕು.

ಆದ್ದರಿಂದ ಇಂದು ಬಿಡುವಾದಾಗ ಹತ್ತು ನಿಮಿಷ ಕುಳಿತುಕೊಳ್ಳಿ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಎಂಬುದನ್ನು ತೆರೆಯಿರಿ. ನಿಮ್ಮ ಫೋಟೋ ಯಾರಿಗೆ ಕಾಣಬೇಕು, ಯಾರು ನಿಮ್ಮನ್ನು ಗುಂಪಿಗೆ ಸೇರಿಸಬಹುದು ಎಂಬುದನ್ನು ಅಲ್ಲಿ ನೀವೇ ಆರಿಸಬಹುದು. ನಿಮ್ಮ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಎಂದು ಆರಿಸಿದರೂ ಗ್ಯಾಸಿನವನು, ಆಟೋದವನು ಎಲ್ಲರೂ ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇರುತ್ತಾರೆ ಎಂಬುದು ನೆನಪಿರಲಿ. ಕೆಲವರನ್ನು ಹೊರಗಿಡುವ ಅವಕಾಶವೂ ಅಲ್ಲೇ ಇದೆ. ಫೇಸ್‌ಬುಕ್‌ನಲ್ಲಿ 2020ರ ಮೇ ತಿಂಗಳಲ್ಲಿ ಭಾರತದ ಬಳಕೆದಾರರಿಗಾಗಿ, ಮುಖ್ಯವಾಗಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು, ಪ್ರೊಫೈಲ್‌ಗೆ ಬೀಗ ಹಾಕುವ ಸೌಲಭ್ಯ ತಂದರು. ಒಂದು ಸಲ ಒತ್ತಿದರೆ ಅಪರಿಚಿತರಿಗೆ ನಿಮ್ಮ ಫೋಟೋಗಳು ತೆರೆಯುವುದಿಲ್ಲ. ಹೊಸ ಆ್ಯಪ್ ಹಾಕಿಕೊಂಡಾಗ ಅದು ಕಾಂಟ್ಯಾಕ್ಟ್ ಕೇಳಿದರೆ, ಬೂದು ಬಣ್ಣದ ಸಣ್ಣ ಅಕ್ಷರವನ್ನು ಹುಡುಕಿ. ಬೇಡ ಎಂದು ಒತ್ತಿದರೆ ಫೋನ್ ಕೆಡುವುದಿಲ್ಲ. ಇದನ್ನು ನಿಮ್ಮ ಅತ್ತೆಗೂ ಹೇಳಿ. ಯಾರಾದರೂ ಕಾಟ ಕೊಟ್ಟರೆ ಸಂದೇಶಗಳನ್ನು ಅಳಿಸುವ ಮೊದಲು ಅವುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದೆ. ಸೈಬರ್ ಸಹಾಯವಾಣಿಯ ಸಂಖ್ಯೆ 1930.

ಆದರೆ ಇದೆಲ್ಲಕ್ಕಿಂತ ಮೊದಲು ಇನ್ನೊಂದು ಮಾತಿದೆ. 2021ರ ಜುಲೈಯಲ್ಲಿ, ಆಮೇಲೆ 2022ರ ಜನವರಿ 1ರಂದು ಏನಾಯಿತೆಂದು ನಿಮಗೆ ನೆನಪಿರಬಹುದು. ಸುಲ್ಲಿ ಡೀಲ್ಸ್, ಬುಲ್ಲಿ ಬಾಯಿ ಎಂಬ ಕೊಳಕು ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಸಾಮಾಜಿಕ ತಾಣಗಳಿಂದ ಎತ್ತಿಕೊಂಡು ಹರಾಜಿಗಿಟ್ಟಂತೆ ತೋರಿಸಿದರು. ಅವರಲ್ಲಿ ಪತ್ರಕರ್ತೆಯರಿದ್ದರು, ಸಾಮಾಜಿಕ ಕಾರ್ಯಕರ್ತೆಯರಿದ್ದರು. ಬಟನ್ ಒತ್ತಿದರೆ ಒಬ್ಬೊಬ್ಬರ ಚಿತ್ರ ಬರುವಂತೆ ಯಾರೋ ಕುಳಿತು ವಿನ್ಯಾಸ ಮಾಡಿದ್ದರು. ನನ್ನದೇ ಕೆಲಸವನ್ನು ಕಲಿತವರು. ಆ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಕೇಳಿಬಂದ ಮಾತು, "ಫೋಟೋ ಯಾಕೆ ಹಾಕಬೇಕಿತ್ತು?" ಎಂಬುದು. ನಾನು ಕೇಳಿಕೊಳ್ಳುವುದಿಷ್ಟೇ: ಮಗಳು ಹೆದರಿಕೊಂಡು ಫೋನ್ ಹಿಡಿದು ನಿಮ್ಮ ಬಳಿ ಬಂದರೆ ಮೊದಲ ಪ್ರಶ್ನೆ ಅದಾಗದಿರಲಿ. ಹಾಗೆ ಕೇಳಿದರೆ ಎರಡನೆಯ ಸಲ ಅವಳು ನಿಮ್ಮ ಬಳಿ ಬರುವುದಿಲ್ಲ. ನನ್ನ ತಂಗಿ ಎರಡು ತಿಂಗಳು ಯಾರಿಗೂ ಹೇಳದೆ ಇದ್ದದ್ದು ಈ ಪ್ರಶ್ನೆಗೆ ಹೆದರಿಯೇ.

ತಂಗಿಯ ಕತೆ ಏನಾಯಿತು ಎನ್ನುತ್ತೀರಾ? ನಾಲ್ಕು ತಿಂಗಳು ನಾನು ನುಂಗಿಕೊಂಡಿದ್ದೆ. ಒಂದು ದಿನ ಅವಳಿಗೆ ಸಂಬಂಧ ನೋಡಲು ಬರುತ್ತಾರೆಂದು ಚಾಚಿ ಬಂದು ಹೇಳಿದಾಗ ತಡೆಯಲಾಗಲಿಲ್ಲ. ಚಾಚಾ ಅವರ ಮನೆಗೆ ಹೋಗಿ, ಎಲ್ಲರನ್ನೂ ಕೂರಿಸಿ, ನನ್ನ ಲ್ಯಾಪ್‌ಟಾಪ್ ತೆರೆದು ಆ ಹಸಿರು ಬಟನಿನ ಪುಟವನ್ನು ತೋರಿಸಿದೆ. "ಈ ಪರದೆಯನ್ನು ಮಾಡಿದವಳು ನಾನೇ ಚಾಚಾ. ಇದನ್ನು ಓದದೆ ಒತ್ತಲಿ ಎಂದೇ ಹೀಗೆ ಮಾಡಿದ್ದೆವು. ಶಿಕ್ಷೆ ಕೊಡುವುದಿದ್ದರೆ ನನ್ನ ಫೋನ್ ತೆಗೆದುಕೊಳ್ಳಿ" ಎಂದೆ. ಯಾರೂ ಮಾತನಾಡಲಿಲ್ಲ. ಚಾಚಾ ಆ ಪುಟವನ್ನು ಬಹಳ ಹೊತ್ತು ನೋಡಿದರು. ತಮ್ಮ ಬೆರಳನ್ನು ತಾವೇ ಹಸಿರು ಬಟನ್ ಮೇಲೆ ಇಟ್ಟು ನೋಡಿದರು. ಎದ್ದು ಹೋಗಿ ಬೀರು ತೆಗೆದರು.

ತಂಗಿ ನನ್ನೊಂದಿಗೆ ಒಂದು ವಾರ ಮಾತು ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ಬಂದು, "ಪರೀಕ್ಷೆ ಫೀ ಕಟ್ಟಲು ಲಾಸ್ಟ್ ಡೇಟ್ ಯಾವತ್ತು ನೋಡಿ ಹೇಳಿ ಆಪಾ" ಎಂದಳು. ಉಳಿದಿದ್ದ ಸೆಮಿಸ್ಟರನ್ನೂ ಸೇರಿಸಿ ಅಲ್‌ಹಮ್ದುಲಿಲ್ಲಾಹ್, ಅವಳು ಡಿಗ್ರಿ ಮುಗಿಸಿದಳು. ಈಗ ಮಕ್ಕಳಿಗೆ ಪಾಠ ಹೇಳುತ್ತಾಳೆ. ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. "ಹೆಸರು ಬೇಡ, ವಿಷಯ ಬರೆಯಿರಿ" ಎಂದಳು. ಅವಳು ಎಷ್ಟು ಪರದೆ ಸರಿಸಿದಳೋ ಅಷ್ಟನ್ನೇ ಬರೆದಿದ್ದೇನೆ.

ನಮ್ಮ ಕಡೆ ಮನೆ ಕಟ್ಟುವಾಗ ಗೌಂಡಿಯ ಪಕ್ಕದಲ್ಲಿ ಮನೆಯ ಹೆಂಗಸು ನಿಂತಿರುತ್ತಾಳೆ. ಅಡುಗೆಮನೆಯ ಕಿಟಕಿ ಇಲ್ಲಿ ಬೇಡ, ಅಲ್ಲಿಡು. ಈ ಬಾಗಿಲು ಬೀದಿಗೆ ನೇರ ಬರುತ್ತದೆ, ಪಕ್ಕಕ್ಕೆ ಸರಿಸು ಎನ್ನುತ್ತಾಳೆ. ಗೌಂಡಿ ಗೊಣಗಿದರೂ ಸರಿಸುತ್ತಾನೆ. ನಮ್ಮ ಮಕ್ಕಳು ದಿನದ ಎಷ್ಟೋ ಹೊತ್ತು ಕಳೆಯುವ ಈ ಹೊಸ ಮನೆಗಳನ್ನು ಕಟ್ಟುವಾಗ ನಮ್ಮವರು ಯಾರೂ ಪಕ್ಕದಲ್ಲಿ ನಿಂತಿರಲಿಲ್ಲ. ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ. ನಿಮ್ಮ ಮಗಳು ಕಂಪ್ಯೂಟರ್ ಕಲಿಯುತ್ತೇನೆ, ಇಂತಹ ಕೆಲಸಕ್ಕೆ ಹೋಗುತ್ತೇನೆ ಎಂದರೆ ಕಳಿಸಿಕೊಡಿ. ಹೋಗುವ ಮೊದಲು ಬಾಗಿಲಲ್ಲಿ ನಿಂತು ಸಲಾಮ್ ಹೇಳುವುದನ್ನು ನೀವು ಕಲಿಸಿರುತ್ತೀರಿ. ಅದನ್ನು ಅಲ್ಲಿಗೂ ತೆಗೆದುಕೊಂಡು ಹೋಗು ಎಂದು ಹೇಳಿ ಕಳಿಸಿ.